ಚಂಡಮಾರುತ: ಗಾಳಿಯ ಹೆಸರು, ಕಡಲಿನ ಕೆಲಸ

ಕಡಲಿನ ಮೇಲೆ ಹುಟ್ಟಿ ನೆಲಕ್ಕೆ ನುಗ್ಗುವ ಮಹೋತ್ಪಾತಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ಹೆಸರು ಚಂಡಮಾರುತ. ಚಂಡವಾದ ಮಾರುತವೇ ಚಂಡಮಾರುತವೆಂದು ಅದರ ವಿಗ್ರಹವಾಕ್ಯ, ಕರ್ಮಧಾರಯ ಸಮಾಸ. ಬಿರಿದಾದ ಗಾಳಿ ಬಿರುಗಾಳಿ, ಸುತ್ತುವ ಗಾಳಿ ಸುಂಟರಗಾಳಿ. ಪಠ್ಯಪುಸ್ತಕಗಳು ಬಳಸುವ ಆವರ್ತಮಾರುತವೆಂಬ ಪಾರಿಭಾಷಿಕ ಶಬ್ದದಲ್ಲಿಯೂ ಮಾರುತವೇ ಪ್ರಧಾನ. ಆಕಾಶವಾಣಿಯ ವಾರ್ತೆಗಳಿಂದ ಹಳ್ಳಿಹಳ್ಳಿಗೂ ಪರಿಚಿತವಾದ ವಾಯುಭಾರ ಕುಸಿತವೆಂಬ ಮಾತಿನಲ್ಲಿಯೂ ವಾಯುವೇ ಮುಂದು. ಇಷ್ಟು ಹೆಸರುಗಳಲ್ಲಿ ಒಂದರಲ್ಲಿಯೂ ಕಡಲಿನ ಪ್ರಸ್ತಾಪವಿಲ್ಲ. ನೀರಿನಿಂದ ಹುಟ್ಟಿ, ನೀರನ್ನೇ ಉಂಡು ಬೆಳೆದು, ಕೊನೆಗೆ ನೀರಿನಿಂದಲೇ ಹೆಚ್ಚು ಜನರ ಪ್ರಾಣ ತೆಗೆಯುವ ಒಂದು ಸಂಭವಕ್ಕೆ ಕನ್ನಡವು ಗಾಳಿಯ ಹೆಸರನ್ನಷ್ಟೇ ಇಟ್ಟುಕೊಂಡಿದೆ. ಕರಾವಳಿಯ ಜನ ಆಡುವ ತೂಫಾನು ಎಂಬ ಮಾತು ಮಾತ್ರ ಇದಕ್ಕೆ ಅಪವಾದ. ಅರಬ್ಬೀ ಭಾಷೆಯಲ್ಲಿ ಆ ಶಬ್ದಕ್ಕೆ ಜಲಪ್ರಳಯವೆಂಬ ಅರ್ಥವುಂಟು. ಪಂಡಿತರು ಕಟ್ಟಿದ ಶಬ್ದಕ್ಕಿಂತ ಬೆಸ್ತರ ಬಾಯಿಯಲ್ಲಿ ಉಳಿದ ಶಬ್ದವೇ ಇಲ್ಲಿ ಸತ್ಯಕ್ಕೆ ಸಮೀಪವಾಗಿರುವುದು ಶಬ್ದಪ್ರಿಯರು ಗಮನಿಸತಕ್ಕ ಸಂಗತಿ.

ಇದು ಬರಿಯ ಶಬ್ದಜಿಜ್ಞಾಸೆಯಲ್ಲ. ಹೆಸರು ಹೇಗಿದೆಯೋ ಪಾಠವೂ ಹಾಗೆಯೇ ನಡೆಯುತ್ತದೆ. ಶಾಲೆಗಳಲ್ಲಿ ಚಂಡಮಾರುತವನ್ನು ವಾಯುಮಂಡಲದ ಅಧ್ಯಾಯದಲ್ಲಿ ಕಲಿಸುತ್ತಾರೆ. ಸಮುದ್ರದ ಅಧ್ಯಾಯವು ಬೇರೆ ಕಡೆ ಇರುತ್ತದೆ. ಎರಡರ ನಡುವಿನ ಸಂಬಂಧವು ವಿದ್ಯಾರ್ಥಿಗೆ ಒಂದೆರಡು ವಾಕ್ಯಗಳಲ್ಲಿ ದೊರೆತರೆ ಅದೇ ಹೆಚ್ಚು. ಗಾಳಿ ಕಡಲನ್ನು ಕದಡುತ್ತದೆ, ಅಲೆಗಳು ಏಳುತ್ತವೆ ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಇದು ಅರ್ಧ ಪಾಠ. ಈ ಅರ್ಧ ಪಾಠದಿಂದ ಆಗುತ್ತಿರುವ ನಷ್ಟವನ್ನು ಪಶ್ಚಿಮ ಕರಾವಳಿಯು ಈಗಾಗಲೇ ಕಾಣತೊಡಗಿದೆ.

ಆಂಗ್ಲ ಭಾಷೆಯಲ್ಲಿ ಈ ಸಂಭವಕ್ಕೆ ಸೈಕ್ಲೋನ್ ಎಂಬ ನಾಮಕರಣವಾದದ್ದು ಭಾರತದ ನೆಲದಲ್ಲಿಯೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡ್ಡಿಂಗ್ಟನ್ ಎಂಬಾತ 1848ರಲ್ಲಿ ನಾವಿಕರಿಗಾಗಿ ಬರೆದ ಗ್ರಂಥದಲ್ಲಿ, ಸುರುಳಿ ಸುತ್ತಿದ ಸರ್ಪವನ್ನು ನೆನಪಿಸುವ ಗ್ರೀಕ್ ಮೂಲದಿಂದ ಈ ಶಬ್ದವನ್ನು ಟಂಕಿಸಿದನು. ಕಾಕತಾಳೀಯವೆಂಬಂತೆ, 2019ರ ಮೇ 3ರಂದು ಪುರಿಯ ಬಳಿ ಭೂಮಿಯನ್ನು ತಾಕಿದ ಚಂಡಮಾರುತಕ್ಕೆ ಬಾಂಗ್ಲಾದೇಶವು ಸೂಚಿಸಿದ್ದ ಹೆಸರು ಫಣಿ. ಆದರೆ ಪಿಡ್ಡಿಂಗ್ಟನ್ನನ ಹೆಚ್ಚಳವಿರುವುದು ನಾಮಕರಣದಲ್ಲಿ ಮಾತ್ರವಲ್ಲ. ಮಾತ್ಲಾ ನದಿಯ ದಡದಲ್ಲಿ ಕ್ಯಾನಿಂಗ್ ಎಂಬ ಹೊಸ ಬಂದರನ್ನು ಕಟ್ಟಲು ಸರ್ಕಾರವು ಹೊರಟಾಗ, ಅಲ್ಲಿ ಚಂಡಮಾರುತದ ಗಾಳಿಗಿಂತ ಅದರೊಡನೆ ಏರಿಬರುವ ಕಡಲ ನೀರೇ ಘಾತಕವಾದೀತೆಂದು 1853ರಲ್ಲಿಯೇ ಆತ ಎಚ್ಚರಿಸಿದ್ದನು. ಬಂದರು ಕಟ್ಟಲ್ಪಟ್ಟಿತು. ಪಿಡ್ಡಿಂಗ್ಟನ್ 1858ರಲ್ಲಿ ತೀರಿಕೊಂಡನು. 1867ರ ಚಂಡಮಾರುತದಲ್ಲಿ ಬಂದರು ಹಾಳಾಯಿತು. ಗಾಳಿಗೆ ಹೆಸರಿಟ್ಟ ಮನುಷ್ಯನೇ ಕಡಲಿನ ಕಡೆಗೆ ಬೆರಳು ತೋರಿಸಿದ್ದನ್ನು ಅಂದಿನ ಅಧಿಕಾರಿಗಳು ಕೇಳಲಿಲ್ಲ.

ಕಡಲು ಚಂಡಮಾರುತಕ್ಕೆ ಏನನ್ನು ಕೊಡುತ್ತದೆ? ಒಂದೇ ಮಾತಿನಲ್ಲಿ ಹೇಳುವುದಾದರೆ, ಶಾಖವನ್ನು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೇಕೆಂಬುದನ್ನು ಬಲ್ಲವರಿಗೆ ಇದು ಕಠಿಣವಾದ ವಿಷಯವಲ್ಲ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಕಡಲಿನ ಮೇಲ್ಮೈಯಿಂದಲೂ ಹಾಗೆಯೇ. ಮೇಲಕ್ಕೇರಿದ ಆವಿಯು ತಂಪಾಗಿ ಮೋಡವಾಗುವಾಗ, ತಾನು ಹೊತ್ತು ತಂದ ಶಾಖವನ್ನು ಅಲ್ಲಿ ಬಿಟ್ಟುಬಿಡುತ್ತದೆ. ವಿಜ್ಞಾನಿಗಳು ಗುಪ್ತೋಷ್ಣವೆಂದು ಕರೆಯುವುದು ಇದನ್ನೇ. ಆ ಶಾಖದಿಂದ ಸುತ್ತಣ ಗಾಳಿ ಹಗುರಾಗಿ ಇನ್ನೂ ಮೇಲಕ್ಕೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಆ ಕುಸಿತದ ಕಡೆಗೆ ಸುತ್ತಲಿನ ಗಾಳಿ ಧಾವಿಸುತ್ತದೆ, ಧಾವಿಸುವ ಗಾಳಿ ಕಡಲನ್ನು ಸವರಿ ಇನ್ನಷ್ಟು ಆವಿಯನ್ನು ಎತ್ತುತ್ತದೆ. ಭೂಭ್ರಮಣದ ಕಾರಣದಿಂದ ಆ ಗಾಳಿ ನೇರವಾಗಿ ಒಳನುಗ್ಗದೆ ಸುತ್ತತೊಡಗುತ್ತದೆ. ಭೂಮಧ್ಯರೇಖೆಗೆ ತೀರ ಸಮೀಪದಲ್ಲಿ ಈ ಸುತ್ತುವ ಬಲವು ಸಾಲದಾದುದರಿಂದ ಅಲ್ಲಿ ಚಂಡಮಾರುತಗಳು ಹುಟ್ಟುವುದು ಅಪರೂಪ. ಇಷ್ಟಕ್ಕೆಲ್ಲ ಕಡಲ ಮೇಲ್ಮೈಯ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ಸಿಗೆ ಕಡಮೆಯಿರಬಾರದು. ಮೇಲ್ಪದರವೊಂದೇ ಬೆಚ್ಚಗಿದ್ದರೂ ಸಾಲದು. ಸುಮಾರು 50 ಮೀಟರು ಆಳದವರೆಗಾದರೂ ಆ ಬಿಸುಪು ಇಳಿದಿರಬೇಕು.

ಸಂಸ್ಕೃತ ಹಾಗೂ ಕನ್ನಡ ಕಾವ್ಯಗಳನ್ನು ಓದಿದವರಿಗೆ ಇಲ್ಲಿ ಬಡಬಾಗ್ನಿಯ ಸ್ಮರಣೆಯಾಗುವುದು ಸಹಜ. ಕಡಲಿನ ಗರ್ಭದಲ್ಲಿ ಬೆಂಕಿಯೊಂದು ಅಡಗಿದೆಯೆಂಬುದು ಪ್ರಾಚೀನರ ಕಲ್ಪನೆ. ಆದರೆ ಆಧುನಿಕ ಸಮುದ್ರವಿಜ್ಞಾನವೆಲ್ಲ ಪುರಾಣದಲ್ಲಿ ಮೊದಲೇ ಇತ್ತೆಂದು ಸಾಧಿಸಹೊರಡುವ ಚಪಲದಿಂದ ಪುರಾಣಕ್ಕೂ ಗೌರವ ಬರದು, ವಿಜ್ಞಾನಕ್ಕೂ ಬರದು. ಕವಿಸಮಯವು ಕವಿಸಮಯವಾಗಿಯೇ ಸುಂದರ. ಕಡಲಿನ ಶಾಖ ಅಡಿಯಿಂದ ಬಂದುದಲ್ಲ, ಮೇಲಿನ ಸೂರ್ಯನಿಂದ ಬಂದದ್ದು.

ಇಲ್ಲಿಯವರೆಗಿನ ಕಥೆಯಲ್ಲಿ ಕಡಲು ದಾನಿ, ಚಂಡಮಾರುತ ಪ್ರತಿಗ್ರಾಹಿ. ಪಠ್ಯಪುಸ್ತಕ ನಿಲ್ಲುವುದೂ ಇಲ್ಲಿಯೇ. ನಿಜವಾದ ಕೌತುಕವು ಮುಂದೆ ಆರಂಭವಾಗುತ್ತದೆ, ಏಕೆಂದರೆ ಚಂಡಮಾರುತವು ತನ್ನನ್ನು ಸಾಕಿದ ಕಡಲನ್ನು ಇದ್ದಂತೆಯೇ ಬಿಟ್ಟು ಹೋಗುವುದಿಲ್ಲ. ಸ್ನಾನದ ಹಂಡೆಯ ನೀರು ಮೇಲೆ ಕುದಿಯುವಂತಿದ್ದು ಅಡಿಯಲ್ಲಿ ತಣ್ಣಗಿರುವುದುಂಟು. ಚೊಂಬನ್ನು ಅದ್ದಿ ಚೆನ್ನಾಗಿ ಕಲಕಿದರೆ ಮೇಲಿನ ನೀರು ಉಗುರುಬೆಚ್ಚಗಾಗಿಬಿಡುತ್ತದೆ. ಕಡಲಿನ ರಚನೆಯೂ ಅಂಥದೇ. ಬೆಚ್ಚನೆಯ ತೆಳುಪದರದ ಅಡಿಯಲ್ಲಿ ತಂಪಾದ ಅಗಾಧ ಜಲರಾಶಿಯಿದೆ. ಚಂಡಮಾರುತದ ಗಾಳಿ ಇವೆರಡನ್ನೂ ಮಥಿಸುತ್ತದೆ. ನಡುವಿನ ನೀರನ್ನು ಹೊರಕ್ಕೆ ತಳ್ಳಿ ಆಳದ ನೀರು ಮೇಲಕ್ಕುಕ್ಕುವಂತೆ ಮಾಡುತ್ತದೆ. ಹೀಗಾಗಿ ಅದು ನಡೆದುಹೋದ ದಾರಿಯುದ್ದಕ್ಕೂ ಕಡಲಿನ ಮೇಲೆ ತಂಪಿನ ಪಟ್ಟೆಯೊಂದು ಉಳಿಯುತ್ತದೆ. ಈ ತಂಪಿನ ಬಹುಪಾಲು ಆವಿಯಾಗಿ ಹೋದ ಶಾಖದಿಂದ ಬಂದುದಲ್ಲ, ಈ ಮಥನದಿಂದ ಬಂದದ್ದು. ಕೆಲವೆಡೆ ಉಷ್ಣತೆ ಒಂದೆರಡು ಡಿಗ್ರಿ ಇಳಿದರೆ ಕೆಲವೆಡೆ ಐದಾರು ಡಿಗ್ರಿ ಇಳಿಯುವುದೂ ಉಂಟು. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಸಾಗುವ ಹಾದಿಯ ಬಲಮಗ್ಗುಲಿನಲ್ಲಿ ಈ ತಂಪು ಹೆಚ್ಚು. ಅದು ಮಾಸಿಹೋಗಿ ಕಡಲು ಮತ್ತೆ ಬೆಚ್ಚಗಾಗಲು ವಾರಗಳೇ ಬೇಕಾಗಬಹುದು.

ಇದರ ಪರಿಣಾಮವಾದರೂ ಎಂಥದು! ಚಂಡಮಾರುತ ಮಂದಗತಿಯಿಂದ ಸಾಗಿದರೆ, ಅಥವಾ ಒಂದೆಡೆ ನಿಂತುಬಿಟ್ಟರೆ, ತಾನೇ ಎಬ್ಬಿಸಿದ ತಣ್ಣೀರಿನ ಮೇಲೆ ತಾನೇ ನಿಂತು ಬಲಗುಂದುತ್ತದೆ. ತನ್ನ ಒಲೆಗೆ ತಾನೇ ನೀರು ಸುರಿದುಕೊಂಡಂತೆ. ವೇಗವಾಗಿ ಸಾಗುವುದಾದರೆ ಆ ತಂಪು ತನ್ನನ್ನು ಹಿಡಿಯುವ ಮೊದಲೇ ಹೊಸ ಬೆಚ್ಚನೆಯ ನೀರಿನ ಮೇಲೆ ಹೋಗಿರುತ್ತದೆ. ಬೆಚ್ಚನೆಯ ಪದರ ಬಹಳ ದಪ್ಪವಾಗಿರುವ ಕಡೆ, ಎಷ್ಟು ಕಡೆದರೂ ತಣ್ಣೀರು ಮೇಲೆ ಬರುವುದೇ ಇಲ್ಲ. ಅಂಥಲ್ಲಿ ಚಂಡಮಾರುತಕ್ಕೆ ಕಡಿವಾಣವಿಲ್ಲ. ಒಟ್ಟಿನಲ್ಲಿ ಅದರ ಬಲಾಬಲವನ್ನು ನಿರ್ಣಯಿಸುವುದರಲ್ಲಿ ಮೇಲಿನ ಆಕಾಶಕ್ಕೆಷ್ಟು ಪಾತ್ರವುಂಟೋ, ಕಣ್ಣಿಗೆ ಕಾಣದ 50, 100 ಮೀಟರು ಆಳದ ನೀರಿಗೂ ಅಷ್ಟೇ ಮುಖ್ಯವಾದ ಪಾತ್ರವುಂಟು. ಇನ್ನೊಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಆಳದಿಂದ ಉಕ್ಕಿದ ನೀರು ತಂಪಿನೊಡನೆ ಸಸ್ಯಪೋಷಕ ಲವಣಗಳನ್ನೂ ತರುತ್ತದೆ. ಚಂಡಮಾರುತ ಹಾದುಹೋದ ಕೆಲವು ದಿನಗಳಲ್ಲಿ ಬಂಜೆಯಂತಿದ್ದ ನೀಲಿ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯಗಳು ಸಮೃದ್ಧವಾಗಿ ಬೆಳೆದು ಕಡಲು ಹಸುರಾಗುವುದನ್ನು ಉಪಗ್ರಹಗಳು ತೋರಿಸಿಕೊಟ್ಟಿವೆ. ಮೀನಿನ ಆಹಾರಸರಣಿ ಆರಂಭವಾಗುವುದು ಈ ಹಸುರಿನಿಂದಲೇ.

ಬಂಗಾಳಕೊಲ್ಲಿಯು ಶತಮಾನಗಳಿಂದ ಚಂಡಮಾರುತಗಳ ತೊಟ್ಟಿಲಾಗಿರುವ ರಹಸ್ಯವೂ ಇದರಲ್ಲಿದೆ. ಗಂಗೆ, ಬ್ರಹ್ಮಪುತ್ರೆ, ಐರಾವತಿ, ಮಹಾನದಿ, ಗೋದಾವರಿಗಳು ಅಪಾರವಾದ ಸಿಹಿನೀರನ್ನು ಆ ಕೊಲ್ಲಿಗೆ ಸುರಿಯುತ್ತವೆ. ಕನ್ನಡ ನಾಡಿನ ಮಳೆಯನ್ನು ಹೊತ್ತ ಕೃಷ್ಣೆ, ಕಾವೇರಿಗಳ ಅಲ್ಪ ಪಾಲೂ ಅದರಲ್ಲಿ ಸೇರಿದೆ. ಸಿಹಿನೀರು ಉಪ್ಪುನೀರಿಗಿಂತ ಹಗುರಾದುದರಿಂದ ಮುಂಗಾರಿನ ನಂತರ ಅದು ಕೊಲ್ಲಿಯ ಮೇಲೆ ಮುಚ್ಚಳದಂತೆ ಹರಡಿಕೊಳ್ಳುತ್ತದೆ. ಆ ಮುಚ್ಚಳವನ್ನು ಭೇದಿಸಿ ಅಡಿಯ ತಣ್ಣೀರನ್ನು ಮೇಲೆ ತರುವುದು ಗಾಳಿಗೆ ಸುಲಭಸಾಧ್ಯವಲ್ಲ. ಆದುದರಿಂದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅಲ್ಲಿ ಹುಟ್ಟಿದ ಚಂಡಮಾರುತಕ್ಕೆ ತಂಪಿನ ತಡೆ ಕಡಮೆ. 1970ರ ನವೆಂಬರ್ 12ರಂದು, ಆಗ ಪೂರ್ವ ಪಾಕಿಸ್ತಾನವಾಗಿದ್ದ ಬಾಂಗ್ಲಾ ಕರಾವಳಿಯಲ್ಲಿ ಸತ್ತವರ ಸಂಖ್ಯೆ 3 ಲಕ್ಷಕ್ಕೆ ಕಡಮೆಯಿಲ್ಲವೆಂದು ಅಂದಾಜು. 1977ರ ನವೆಂಬರ್ 19ರಂದು ಕೃಷ್ಣೆಯ ಮುಖಜಭೂಮಿಯ ದಿವಿಸೀಮೆಯಲ್ಲಿ ಹತ್ತು ಸಾವಿರದಷ್ಟು ಜನ ಅಳಿದರು. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿಯೂ ಸುಮಾರು ಅಷ್ಟೇ ಜನ. ಈ ಮೂರು ಕಡೆಯೂ ಬಹುತೇಕ ಸಾವುಗಳಿಗೆ ಕಾರಣವಾದದ್ದು ಗಾಳಿಯಲ್ಲ, ಉಕ್ಕಿಬಂದ ಕಡಲು. ಒತ್ತಡ ಒಂದು ಮಿಲಿಬಾರ್ ಇಳಿದರೆ ಕಡಲಿನ ಮಟ್ಟ ಸುಮಾರು ಒಂದು ಸೆಂಟಿಮೀಟರು ಏರುತ್ತದೆ. ಒಡಿಶಾದ ಚಂಡಮಾರುತದ ನಡುವಣ ಒತ್ತಡ 912 ಮಿಲಿಬಾರಿಗೆ ಇಳಿದಿತ್ತೆಂಬ ಲೆಕ್ಕದಲ್ಲಿ, ಈ ಕಾರಣವೊಂದರಿಂದ ಏರುವುದು ಒಂದು ಮೀಟರಿನಷ್ಟು ಮಾತ್ರ. ಉಳಿದುದೆಲ್ಲ ತೀರದ ಆಳವಿಲ್ಲದ ಕಡಲಿನಲ್ಲಿ ಗಾಳಿಯು ನೂಕಿ ಗುಡ್ಡೆ ಹಾಕಿದ ನೀರು. ಅದೇ ಒಡಿಶಾದಲ್ಲಿ ಫಣಿ ಬಂದಾಗ ಸುಮಾರು 12 ಲಕ್ಷ ಜನರನ್ನು ತೀರದಿಂದ ಮುಂಚಿತವಾಗಿ ಸಾಗಿಸಿದ್ದರು. ಸತ್ತವರು ನೂರಕ್ಕೆ ಮುಟ್ಟಲಿಲ್ಲ. ಅಲ್ಲಿಯ ಜನ ಕಡಲಿಗೆ ಹೆದರುವುದನ್ನು ಕಲಿತಿದ್ದರು.

ಪಶ್ಚಿಮ ಕರಾವಳಿ ಅದನ್ನು ಇನ್ನೂ ಕಲಿಯಬೇಕಾಗಿದೆ. ಬಂಗಾಳಕೊಲ್ಲಿಯಲ್ಲಿ ನಾಲ್ಕು ಚಂಡಮಾರುತಗಳಿಗೆ ಅರಬ್ಬೀ ಸಮುದ್ರದಲ್ಲಿ ಒಂದು ಎಂಬುದು ಹಳೆಯ ಲೆಕ್ಕ. ಮುಂಗಾರಿನ ಗಾಳಿಯೇ ಅರಬ್ಬೀ ಸಮುದ್ರವನ್ನು ಕಡೆದು ತಂಪುಮಾಡುತ್ತಿತ್ತು. ಅರಬಸ್ತಾನದ ಕಡೆಯಿಂದ ಬರುವ ಒಣಗಾಳಿ ಮೋಡಗಳನ್ನು ಹೀರುತ್ತಿತ್ತು. ಈ ಸ್ಥಿತಿ ಬದಲಾಗಿದೆ. ಭೂಮಿಯಲ್ಲಿ ಹೆಚ್ಚುತ್ತಿರುವ ಶಾಖದ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕುದನ್ನು ಸಮುದ್ರಗಳು ಹೀರಿಕೊಳ್ಳುತ್ತಿವೆ. ಅರಬ್ಬೀ ಸಮುದ್ರವೂ ಬೆಚ್ಚಗಾಗಿದೆ. 1982ರಿಂದ 2000ದವರೆಗಿನ ಕಾಲಕ್ಕೆ ಹೋಲಿಸಿದರೆ 2001ರಿಂದ 2019ರವರೆಗೆ ಅಲ್ಲಿಯ ಚಂಡಮಾರುತಗಳ ಸಂಖ್ಯೆ ನೂರಕ್ಕೆ 52ರಷ್ಟು ಹೆಚ್ಚಿತೆಂದು ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಗಣಿಸಿದ್ದಾರೆ. ಅದೇ ಅವಧಿಯಲ್ಲಿ ಬಂಗಾಳಕೊಲ್ಲಿಯಲ್ಲಿ ಸಂಖ್ಯೆ ಸ್ವಲ್ಪ ಇಳಿದಿದೆ. ಎಲ್ಲ ಕಡಲುಗಳಲ್ಲಿಯೂ ಚಂಡಮಾರುತಗಳು ಹೆಚ್ಚುತ್ತಿವೆಯೆಂದು ಸಾರಾಸಗಟಾಗಿ ಹೇಳುವವರು ಈ ಎರಡನೆಯ ಅಂಶವನ್ನು ಮರೆಯಬಾರದು. 2007ರಲ್ಲಿ ಗೋನು ಓಮಾನನ್ನು ಬಡಿಯಿತು. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಮತ್ತು ಮಹಾ ಎಂಬ ಎರಡು ಚಂಡಮಾರುತಗಳು ಅರಬ್ಬೀ ಸಮುದ್ರದಲ್ಲಿ ಏಕಕಾಲದಲ್ಲಿ ಸುತ್ತುತ್ತಿದ್ದವು. 2023ರ ಜೂನಿನಲ್ಲಿ ಬಂದ ಬಿಪರ್‌ಜಾಯ್ ಹದಿಮೂರು ದಿನಗಳಷ್ಟು ಬಾಳಿತು. ಸಂಸ್ಕೃತದ ವಿಪರ್ಯಯ ಶಬ್ದವೇ ಬಂಗಾಳಿಗಳ ಉಚ್ಚಾರಣೆಯಲ್ಲಿ ಈ ರೂಪ ತಾಳಿದೆ. ತಲೆಕೆಳಗಾದ ಕಾಲಕ್ಕೆ ಹೆಸರು ಒಪ್ಪುವಂತಿದೆ.

2021ರ ಮೇ 15, 16ರಂದು ತೌಕ್ತೆ ಚಂಡಮಾರುತವು ಕರ್ನಾಟಕದ ತೀರದ ಎದುರಿನಲ್ಲಿಯೇ ಹಾದುಹೋಯಿತು. ಅದು ಭೂಮಿಯನ್ನು ಮುಟ್ಟಿದ್ದು ಗುಜರಾತಿನಲ್ಲಿ. ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕಡಲಂಚಿನಲ್ಲಿ ಮನೆಗಳೂ ರಸ್ತೆಗಳೂ ಕೊಚ್ಚಿಹೋದುವು. ಮೂಲ್ಕಿಯ ಹೊರಗಿನ ಬಂಡೆಗಳಲ್ಲಿ ಸಿಕ್ಕಿಬಿದ್ದ ಟಗ್ಗೊಂದರಲ್ಲಿದ್ದ 9 ಜನರನ್ನು ನೌಕಾಪಡೆಯವರೂ ಕರಾವಳಿ ರಕ್ಷಣಾ ಪಡೆಯವರೂ ಹೆಲಿಕಾಪ್ಟರಿನಿಂದಲೂ ದೋಣಿಯಿಂದಲೂ ಪಾರುಮಾಡಬೇಕಾಯಿತು. ಇದಕ್ಕಿಂತ ದಾರುಣವಾದದ್ದು 2017ರ ಓಖಿ. ನವೆಂಬರ್ 29ರಂದು ಕೇವಲ ವಾಯುಭಾರ ಕುಸಿತವಾಗಿದ್ದುದು ಮರುದಿನವೇ ಚಂಡಮಾರುತವಾಗಿ ಕನ್ಯಾಕುಮಾರಿಯ ಕಡಲನ್ನು ಆವರಿಸಿತು. ಹತ್ತಾರು ದಿನಗಳ ಮೀನುಗಾರಿಕೆಗೆಂದು ಬಹುದೂರ ಹೋಗಿದ್ದ ಕೇರಳ, ತಮಿಳುನಾಡುಗಳ ದೋಣಿಗಳಿಗೆ ಎಚ್ಚರಿಕೆ ತಲುಪಲೇ ಇಲ್ಲ. ನೂರಾರು ಜನ ಮರಳಲಿಲ್ಲ. ಪಾರಾದ ದೋಣಿಗಳಲ್ಲಿ ಕೆಲವು ಕರ್ನಾಟಕದ ತೀರಕ್ಕೂ ಬಂದು ಸೇರಿದುವು.

ಹವಾಮಾನ ಇಲಾಖೆಯನ್ನು ದೂಷಿಸುವುದು ಸುಲಭ. ಚಂಡಮಾರುತ ಯಾವ ದಾರಿಯಲ್ಲಿ ಹೋದೀತೆಂಬುದನ್ನು ಇಂದು ಮೂರು ನಾಲ್ಕು ದಿನ ಮೊದಲೇ ಸಾಕಷ್ಟು ನಿಖರವಾಗಿ ಹೇಳುವಷ್ಟು ಆ ಶಾಸ್ತ್ರ ಬೆಳೆದಿದೆ. ಆದರೆ ಅದು ಎಷ್ಟು ಬಲಿತೀತು, ಎಷ್ಟು ಬೇಗ ಬಲಿತೀತು ಎಂಬುದನ್ನು ಹೇಳುವುದರಲ್ಲಿ ಪ್ರಗತಿ ಅಷ್ಟಿಲ್ಲ. ದಾರಿಯನ್ನು ನಿರ್ಧರಿಸುವುದು ಮುಖ್ಯವಾಗಿ ಮೇಲಿನ ಗಾಳಿ. ಬಲವನ್ನು ನಿರ್ಧರಿಸುವುದರಲ್ಲಿ ಕೆಳಗಿನ ಕಡಲೂ ಪಾಲುದಾರ. ಉಪಗ್ರಹಕ್ಕೆ ಉಷ್ಣತೆ ಕಾಣುವುದು ಕಡಲಿನ ಚರ್ಮದಲ್ಲಿ ಮಾತ್ರ. ಅದರ ಹೊಟ್ಟೆಯೊಳಗಿನ ಸ್ಥಿತಿಯನ್ನು ತಿಳಿಯಲು ನೀರಿಗಿಳಿದೇ ಅಳೆಯಬೇಕು. ಹತ್ತು ದಿನಗಳಿಗೊಮ್ಮೆ 2000 ಮೀಟರು ಆಳದವರೆಗೆ ಮುಳುಗಿ ಎದ್ದು ವಾರ್ತೆ ಕಳುಹಿಸುವ ಆರ್ಗೋ ಯಂತ್ರಗಳು ಇದಕ್ಕಾಗಿಯೇ ಇವೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಲಂಗರು ಹಾಕಿ ನಿಲ್ಲಿಸಿರುವ ತೇಲುಯಂತ್ರಗಳೂ ಇವೆ. ಮುಂಗಾರಿನ ಮೋಡವನ್ನು ನೋಡುವ ರಾಡಾರಿಗೆ ಹಣ ಕೇಳಿದರೆ ಜನಪ್ರತಿನಿಧಿಗಳು ಕೂಡಲೇ ತಲೆದೂಗುತ್ತಾರೆ. ಸಮುದ್ರದಲ್ಲಿ ಮುಳುಗುವ ಯಂತ್ರಕ್ಕೆ ಹಣವೆಂದರೆ ಅದು ಅಕ್ಷರಶಃ ಹಣವನ್ನು ಸಮುದ್ರಕ್ಕೆ ಹಾಕಿದಂತೆ ಅವರಿಗೆ ತೋರುತ್ತದೆ. ಈ ಭಾವನೆ ತೊಲಗಬೇಕು.

ತೇಲುಯಂತ್ರಗಳ ವಿಷಯದಲ್ಲಿ ಇನ್ನೊಂದು ಖೇದಕರವಾದ ಸಂಗತಿಯಿದೆ. ಅವುಗಳ ನೆರಳಿನಲ್ಲಿ ಮೀನುಗಳು ಸೇರುವುದರಿಂದ ಮೀನುಗಾರರು ಅವುಗಳಿಗೆ ದೋಣಿ ಕಟ್ಟುತ್ತಾರೆ, ಬಲೆ ಬೀಸುತ್ತಾರೆ. ಉಪಕರಣಗಳು ಮುರಿದುಹೋಗುವುದೂ, ಕಳವಾಗುವುದೂ ಉಂಟು. ತಮ್ಮ ಪ್ರಾಣವನ್ನು ಕಾಯುವ ಕಾವಲುಗಾರನನ್ನು ತಾವೇ ಕುರುಡುಮಾಡುತ್ತಿದ್ದೇವೆಂಬುದು ಅವರಿಗೆ ತಿಳಿಯದು. ತಿಳಿಯದ್ದು ಅವರ ತಪ್ಪೆಂದು ಹೇಳುವುದು ಅನ್ಯಾಯ. ಆ ಯಂತ್ರ ಅಲ್ಲೇಕೆ ನಿಂತಿದೆಯೆಂದು ಅವರ ಊರಿನ ಶಾಲೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ಕಡಲಿನಿಂದ ನೂರಾರು ಮೈಲಿ ದೂರದ ಬಯಲುಸೀಮೆಯ ಶಾಲೆಗೆ ಈ ಚರ್ಚೆಯೇಕೆಂದು ಕೇಳುವವರಿರಬಹುದು. ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬೆಳೆಯುವ ಸೀಮೆಯಲ್ಲಿ ಆ ಪ್ರಶ್ನೆ ಏಳಲೇಬಾರದು. ಹಿಂಗಾರಿನ ಚಿತ್ತೆ, ಸ್ವಾತಿ ಮಳೆಗಳು ಬಹುಮಟ್ಟಿಗೆ ಬಂಗಾಳಕೊಲ್ಲಿಯ ಇದೇ ವಾಯುಭಾರ ಕುಸಿತಗಳ ಕೊಡುಗೆ. ಅವು ಬಾರದಿದ್ದರೆ ಎರೆಭೂಮಿ ಬಿರಿಯುತ್ತದೆ. ಅತಿಯಾದರೆ ಏನಾಗುವುದೆಂಬುದನ್ನು 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ವಿಜಾಪುರ, ಬಾಗಲಕೋಟೆ, ರಾಯಚೂರು ಜಿಲ್ಲೆಗಳವರು ಕಂಡಿದ್ದಾರೆ. ಊರಿಗೆ ಊರೇ ನೀರಿನಲ್ಲಿ ನಿಂತಿತ್ತು. ಆ ನೀರು ಕೆಲವೇ ದಿನಗಳ ಹಿಂದೆ ಕಡಲಿನಲ್ಲಿತ್ತು.

ಇದಕ್ಕಾಗಿ ಹೊಸ ಪಠ್ಯಕ್ರಮ ಬರುವವರೆಗೆ ಕಾಯಬೇಕಾಗಿಲ್ಲ. ದಾನಿಗಳಿಂದ ಹೊಸ ಕಟ್ಟಡವನ್ನೂ ಕೇಳಬೇಕಾಗಿಲ್ಲ. ತರಗತಿಯ ಗೋಡೆಯ ಮೇಲೆ ತೂಗುವ ಭಾರತದ ಭೂಪಟದಲ್ಲಿ ನೆಲವೆಲ್ಲ ಊರುಗಳ ಹೆಸರಿನಿಂದ ತುಂಬಿರುತ್ತದೆ, ಎರಡೂ ಕಡೆಯ ಕಡಲು ನೀಲಿ ಬಣ್ಣ ಬಳಿದ ಬರಿದಾದ ಸ್ಥಳವಾಗಿರುತ್ತದೆ. ಹೈದರಾಬಾದಿನ ಭಾರತೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಕಡಲಿನ ಉಷ್ಣತೆಯ ವಿವರವನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸುತ್ತದೆ. ಭೂಗೋಳದ ಅಧ್ಯಾಪಕರು ದಿನಕ್ಕೊಬ್ಬ ವಿದ್ಯಾರ್ಥಿಯಿಂದ ಆ ನೀಲಿಯ ಮೇಲೆ ಸೀಮೆಸುಣ್ಣದಿಂದ ಎರಡು ಅಂಕಿಗಳನ್ನು ಬರೆಸಬಹುದು: ಬಂಗಾಳಕೊಲ್ಲಿಗೊಂದು, ಅರಬ್ಬೀ ಸಮುದ್ರಕ್ಕೊಂದು. ಮೇ ತಿಂಗಳು ರಜೆಯ ಕಾಲವಾದುದರಿಂದ ತೌಕ್ತೆಯಂಥದು ಆ ಲೆಕ್ಕಕ್ಕೆ ಸಿಗಲಾರದು. ಜೂನಿನಲ್ಲಿ ಶಾಲೆ ತೆರೆಯುವಾಗ ಒಂದು ತಿಂಗಳ ಅಂಕಿಗಳನ್ನು ಒಟ್ಟಿಗೇ ಬರೆಸಬೇಕಾದೀತು. ಚಿತ್ತೆ, ಸ್ವಾತಿಗಳ ಹೊತ್ತಿಗೆ ಮಾತ್ರ ಒಂದು ದಿನವೂ ತಪ್ಪಬಾರದು.